ಸೂಜಿಯ ಲೆಕ್ಕ

ನಮ್ಮ ಬನಶಂಕರಿ ಎರಡನೇ ಹಂತದ ಮನೆಯ ಅಡುಗೆಮನೆಯಲ್ಲಿ ಒಂದು ಮೇಲುಗೂಡು ಇದೆ. ಹುಳಿಪುಡಿ ಡಬ್ಬಿಯ ಜಾಗ ಅದು. 30 ವರ್ಷ ನನ್ನ ಮನೆಯಾಕೆ ಕೈಚಾಚಿ ಆ ಡಬ್ಬಿ ಇಳಿಸಿಕೊಳ್ಳುತ್ತಿದ್ದಳು. ಮೂರು ವರ್ಷದ ಹಿಂದೆ ಒಂದು ದಿನ, “ಈ ಗೂಡನ್ನ ಯಾರು ಮೇಲಕ್ಕೆತ್ತಿದ್ರಿ? ಡಬ್ಬಿ ಎಟುಕ್ತಾನೇ ಇಲ್ಲ” ಎಂದಳು. ನಾವೆಲ್ಲ ನಕ್ಕೆವು. ನಗಬಾರದಿತ್ತು. ಗೂಡು ಇದ್ದಲ್ಲೇ ಇತ್ತು. ಕುಗ್ಗಿದ್ದವಳು ಅವಳು.

ಅದಾದ ಎರಡು ತಿಂಗಳಿಗೆ, ಕಾವೇರಿ ನೀರು ಬಂತೇ ನೋಡೋಣವೆಂದು ಸಂಪಿನ ಮುಚ್ಚಳ ಎತ್ತಲು ಬಾಗಿದಳು. ಬೆನ್ನಿನಲ್ಲಿ ‘ಟಕ್’ ಎಂದಿತಂತೆ. ಬೀಳಲಿಲ್ಲ, ಜಾರಲಿಲ್ಲ. ಆದರೂ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಬಿಲ್ಲೆ, ಮೇಲಿನಿಂದ ಅದುಮಿದ ಇಡ್ಲಿಯ ಹಾಗೆ, ಕುಸಿದು ಕೂತಿತ್ತು. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಅದರಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಇವಳದು ಮೈನಸ್ 3.4.

ಡಾಕ್ಟರು ನನ್ನ ಕೆಲಸ ಏನಿತ್ತೆಂದು ಕೇಳಿಕೊಂಡು ಬ್ಯಾಂಕಿನ ಭಾಷೆಯಲ್ಲೇ ವಿವರಿಸಿದರು. ಮೂಳೆ ಕಲ್ಲಲ್ಲ. ಅದರಲ್ಲಿ ದಿನವೂ ಹಳೆಯದು ಕರಗುತ್ತದೆ, ಹೊಸದು ಕಟ್ಟಿಕೊಳ್ಳುತ್ತದೆ. ಹೆಂಗಸರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಈ ಕರಗುವಿಕೆಗೆ ಕಡಿವಾಣ ಹಾಕಿರುತ್ತದೆ. ಮುಟ್ಟು ನಿಂತ ಮೇಲೆ ಆ ಹಾರ್ಮೋನು ಇಳಿಯುತ್ತದೆ. ಆಗ ಜಮೆಗಿಂತ ಖರ್ಚು ಹೆಚ್ಚು. ಹತ್ತು ಹದಿನೈದು ವರ್ಷ ಯಾರೂ ಪಾಸ್‌ಬುಕ್ ತೆಗೆದು ನೋಡುವುದಿಲ್ಲ. ಮೂಳೆ ಮುರಿದ ದಿನವೇ ಬಾಕಿ ಗೊತ್ತಾಗುವುದು.

ಮಕ್ಕಳೇ, ಈ ಖಾತೆಗೆ ಜಮೆ ಮಾಡುವ ಕಾಲ ನಿಮ್ಮದು. ರಾಗಿಮುದ್ದೆ, ಹಾಲು, ಎಳೆಬಿಸಿಲಲ್ಲಿ ಓಟ, ಕುಂಟಬಿಲ್ಲೆ ಎಲ್ಲವೂ ಅದಕ್ಕೇ ಹೋಗುತ್ತವೆ. 30 ದಾಟಿದ ಮೇಲೆ ದೊಡ್ಡ ಮೊತ್ತ ಸೇರಿಸುವುದು ಕಷ್ಟ.

ನನ್ನವಳಿಗೆ ಬರೆದುಕೊಟ್ಟದ್ದು ಟೆರಿಪ್ಯಾರಟೈಡ್ ಎಂಬ ಇಂಜೆಕ್ಷನ್. ನಮ್ಮ ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳು 84 ಕೊಂಡಿಗಳ ಒಂದು ಹಾರ್ಮೋನು ತಯಾರಿಸುತ್ತವೆ. ಅದರ ಮೊದಲ 34 ಕೊಂಡಿಗಳೇ ಈ ಔಷಧ. ಆ ಹಾರ್ಮೋನು ಮೈಯಲ್ಲಿ ಸದಾಕಾಲ ಹೆಚ್ಚಾಗಿದ್ದರೆ ಮೂಳೆಯನ್ನು ಕರಗಿಸುತ್ತದೆ. ದಿನಕ್ಕೊಮ್ಮೆ ಚೂರೇ ಚೂರು, 20 ಮೈಕ್ರೋಗ್ರಾಂ, ಕೊಟ್ಟರೆ ಅದೇ ಮೂಳೆಯನ್ನು ಕಟ್ಟುತ್ತದೆ. ಹಾಗಾಗಿ ಅಳತೆ ಮತ್ತು ಹೊತ್ತು ಎರಡೂ ತಪ್ಪಬಾರದು. ಒಂದು ದಿನ ಮರೆತರೆ ಅದೇ ದಿನ ನೆನಪಾದಾಗ ಹಾಕಿಕೊಳ್ಳಬಹುದು. ಮರುದಿನ ಎರಡು ಸೇರಿಸಿ ಹಾಕಿಕೊಳ್ಳಬಾರದು.

ಕೊಡುವ ಮುಂಚೆ ಡಾಕ್ಟರು ನೂರೆಂಟು ಪ್ರಶ್ನೆ ಕೇಳಿದರು. ಕಿಡ್ನಿಯಲ್ಲಿ ಕಲ್ಲಾಗಿತ್ತೇ? ಕ್ಯಾನ್ಸರಿಗೆ ರೇಡಿಯೇಷನ್ ಕೊಡಿಸಿದ್ದರೇ? ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟು? ಹೃದಯಕ್ಕೆ ಏನು ಮಾತ್ರೆ? ಇವಕ್ಕೆ ಸುಳ್ಳಾಗಲಿ ಮರೆವಾಗಲಿ ಕೂಡದು. ಪಕ್ಕದ ಬೀದಿಯಲ್ಲಿ ಇನ್ನೊಬ್ಬರಿಗೆ ಆರು ತಿಂಗಳಿಗೊಮ್ಮೆ ಕೊಡುವ ಡೆನೋಸುಮ್ಯಾಬ್ ನಡೆಯುತ್ತಿದೆ. ಅದು ಬೇರೆಯೇ ಔಷಧ. ‘ಈಗ ನೋವಿಲ್ಲವಲ್ಲ’ ಎಂದು ಅದನ್ನು ಮುಂದೂಡಿದರೆ ಉಳಿಸಿದ ಮೂಳೆ ಬೇಗನೆ ಕರಗಿ ಬೆನ್ನುಮೂಳೆ ಮುರಿಯುವ ಅಪಾಯವಿದೆ. ಅವರ ಕ್ರಮ ಇವರಿಗಲ್ಲ, ಇವರದು ಅವರಿಗಲ್ಲ.

ಮೊದಲ ತಪ್ಪು ಮೊದಲ ದಿನವೇ ಮಾಡಿದೆ. ತಂಪಾಗಿರಲಿ ಎಂದು ಔಷಧದ ಪೆನ್ನನ್ನು ಫ್ರೀಜರಿನಲ್ಲಿಟ್ಟೆ. ಅದಕ್ಕೆ ಬೇಕಾದ ತಂಪು 2ರಿಂದ 8 ಡಿಗ್ರಿ ಮಾತ್ರ. ಹೆಪ್ಪುಗಟ್ಟಿದರೆ ಮತ್ತೆ ಕರಗಿಸಿಯೂ ಬಳಸುವಂತಿಲ್ಲ. ಸಾವಿರಾರು ರೂಪಾಯಿ ಕಸಕ್ಕೆ ಹೋಯಿತು. ಎರಡನೆಯ ತಪ್ಪನ್ನು ಇವಳು ತಡೆದಳು. ಪೆನ್ನು ತೆರೆದು 28 ದಿನ ಆಗಿತ್ತು, ಒಳಗೆ ಇನ್ನೂ ಚೂರು ಔಷಧ ಕಾಣುತ್ತಿತ್ತು. “ನಾಳೆಗೂ ಬರುತ್ತೆ ಕಣೇ” ಎಂದೆ. “ಹಾಳೇಲಿ 28 ಅಂತ ಬರೆದಿದ್ದಾರಲ್ಲ. ಬ್ಯಾಂಕಲ್ಲಿ ಡ್ಯೂ ಡೇಟ್ ದಾಟಿದ್ರೆ ಸುಮ್ನಿರ್ತಿದ್ರಾ?” ಎಂದಳು. ಹೊಸ ಪೆನ್ನು ತೆರೆದೆ.

ಹೊಟ್ಟೆ ಅಥವಾ ತೊಡೆಯ ಚರ್ಮದಡಿಗೆ ಈ ಸೂಜಿ. ನರ್ಸಮ್ಮ ಎರಡು ಸಲ ತೋರಿಸಿಕೊಟ್ಟ ಮೇಲೆ ನಾನೇ ಹಾಕತೊಡಗಿದೆ. ಔಷಧ ನೀರಿನಷ್ಟು ತಿಳಿಯಾಗಿದೆಯೇ ನೋಡಬೇಕು. ಮಬ್ಬಾಗಿದ್ದರೆ, ಬಣ್ಣ ತಿರುಗಿದ್ದರೆ ಬೇಡ. ದಿನಾ ಹೊಸ ಸೂಜಿ. ಶುರುವಿನ ದಿನಗಳಲ್ಲಿ ತಲೆ ಸುತ್ತಬಹುದು ಎಂದಿದ್ದರು. ಮೊದಲ ದಿನ ಇವಳಿಗೂ ಕಣ್ಣು ಮಂಜಾಯಿತು. ಹಾಗಾಗಿ ಮಂಚದ ಮೇಲೆ ಕೂರಿಸಿಯೇ ಹಾಕುತ್ತಿದ್ದೆ. ಮೂಳೆಗೆ ಔಷಧ ಹಾಕಿ, ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಂಡರೆ ಏನು ಬಂತು?

ಇಷ್ಟೆಲ್ಲ ಎಚ್ಚರ ವಹಿಸಿದ ನಾನು ಚುಚ್ಚಿದ ಮೇಲಿನ ಸೂಜಿಯನ್ನು ಮಾತ್ರ ಮರೆತೆ.

ಗಟ್ಟಿ ಡಬ್ಬದಲ್ಲಿ ಹಾಕಿ ಎಂದು ನರ್ಸಮ್ಮ ಹೇಳಿದ್ದರು. ಅಷ್ಟು ಸಣ್ಣ ಸೂಜಿಗೆ ಡಬ್ಬ ಯಾಕೆಂದು ಖಾಲಿ ಹಾಲಿನ ಕವರಿನಲ್ಲಿ ಹಾಕಿ, ಗಂಟು ಕಟ್ಟಿ, ಒಣಕಸದ ಚೀಲಕ್ಕೆ ಸೇರಿಸುತ್ತಿದ್ದೆ. ಒಂದು ಬೆಳಿಗ್ಗೆ ಏಳು ಗಂಟೆಗೆ ಕಸದ ಆಟೊ ಬಂತು. ದಿನಾ ಬರುವ ಪೌರಕಾರ್ಮಿಕ ಹೆಂಗಸು ಚೀಲ ಹಿಡಿದು ಎತ್ತಿದವಳೇ “ಅಯ್ಯೋ” ಎಂದು ಬಿಟ್ಟಳು. ಬೆರಳ ತುದಿಯಲ್ಲಿ ಒಂದು ಹನಿ ರಕ್ತ. ಆಕೆ ಅದನ್ನು ಸೆರಗಿಗೆ ಒರೆಸಿಕೊಂಡು, “ಬಿಡಿ ಸಾರ್, ನಮ್ಗೆ ಇದೆಲ್ಲ ಮಾಮೂಲು” ಎಂದು ಮುಂದಿನ ಮನೆಗೆ ಹೊರಟಳು.

ಆ ‘ಮಾಮೂಲು’ ಎಂಬ ಮಾತು ನನ್ನನ್ನು ಚುಚ್ಚಿತು. ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗಿನಿಂದ ನನ್ನವಳು ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡೇ ಮೆಲ್ಲಗೆ ಬಂದು, “ನಿಲ್ಲಮ್ಮ, ಹೋಗ್ಬೇಡ” ಎಂದು ಆಕೆಯ ಕೈ ಹಿಡಿದು ನಲ್ಲಿಯ ಬಳಿ ಕರೆದೊಯ್ದಳು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಸಿದಳು. ನಾನು ಆಟೊ ಕರೆದೆ. ಆಸ್ಪತ್ರೆಯಲ್ಲಿ ಡಾಕ್ಟರು ಗದರಿದರು, ನನ್ನನ್ನು. ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಎಚ್‌ಐವಿ ತಡೆಯುವ ಔಷಧ ಬೇಕಾದರೆ 72 ಗಂಟೆಯೊಳಗೆ, ಆದಷ್ಟು ಬೇಗ ಶುರುವಾಗಬೇಕು. “ಆಮೇಲೆ ನೋಡೋಣ ಅನ್ನೋ ಗಾಯ ಅಲ್ಲ ಇದು” ಎಂದರು. ಆಕೆಯ ರಕ್ತ, ನನ್ನವಳ ರಕ್ತ ಎರಡೂ ಪರೀಕ್ಷೆಗೆ ಹೋದವು.

ಫಲಿತಾಂಶ ಬರುವವರೆಗೆ ಆಕೆ ಬೆಂಚಿನ ಮೇಲೆ ತುಟಿ ಬಿಗಿದು ಕೂತಿದ್ದಳು. ಮನೆಯಲ್ಲಿ ಇಬ್ಬರು ಮಕ್ಕಳು, ಶಾಲೆಗೆ ಹೋಗುವವರು. 30 ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತು ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ರಾತ್ರಿ ಮನೆಗೆ ಹೋಗದ ಮನುಷ್ಯ ನಾನು. 20ಕ್ಕೂ ಹೆಚ್ಚು ಸೂಜಿ ಎಲ್ಲಿ ಹೋದವು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ದೇವರ ದಯೆ, ನನ್ನವಳ ರಕ್ತದಲ್ಲಿ ಏನೂ ಇರಲಿಲ್ಲ. ಆಕೆಗೆ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿದರು. ಮೂರು ತಿಂಗಳ ನಂತರದ ಪರೀಕ್ಷೆಯೂ ಚೆನ್ನಾಗಿಯೇ ಬಂತು. ಹಿಂತಿರುಗುವಾಗ ಆಟೊದಲ್ಲಿ ಆಕೆ ನನ್ನವಳನ್ನು ಮೆಲ್ಲಗೆ ಕೇಳಿದಳು: “ಅಮ್ಮ, ನಿಮ್ಗೆ ಏನು ಕಾಯ್ಲೆ?” ಇವಳು ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಆಕೆ, “ನಂಗೂ ಮುಟ್ಟು ನಿಂತು ಎರಡು ವರ್ಷ ಆಯ್ತಮ್ಮ. ಬೆನ್ನು ತುಂಬ ನೋಯುತ್ತೆ. ಕಸ ಎತ್ತಿ ಎತ್ತಿ ಅಂದ್ಕೊಂಡಿದ್ದೆ” ಎಂದಳು. ಜಯನಗರದಲ್ಲೇ ಸರ್ಕಾರದ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ ಇದೆ, ಒಮ್ಮೆ ತೋರಿಸಿಕೊ ಎಂದು ಇವಳು ಹೇಳಿದಳು. ಹೇಳಿ ಸುಮ್ಮನಾಗಲಿಲ್ಲ, ಮುಂದಿನ ವಾರ ಜೊತೆಗೆ ಹೋದಳು.

ಆವತ್ತು ಸಂಜೆ ನಾನು ಹಾಳೆ ಪೆನ್ಸಿಲ್ಲು ಹಿಡಿದು ಕೂತೆ. ದಿನಕ್ಕೊಂದರಂತೆ ಎರಡು ವರ್ಷಕ್ಕೆ 700ಕ್ಕೂ ಮಿಕ್ಕಿ ಸೂಜಿ, ನಮ್ಮ ಒಂದೇ ಮನೆಯಿಂದ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಮನೆಗಳು ನಮ್ಮ ರಸ್ತೆಯಲ್ಲೇ ನಾಲ್ಕಿವೆ. ಬಳಸಿದ ಸೂಜಿ ಅಪಾಯಕಾರಿ ಕಸ, ಬೇರೆ ಇಡಬೇಕು ಎಂದು ದೇಶದ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ನಾನು ಓದಿರಲಿಲ್ಲ.

ಮರುದಿನದಿಂದ ಬಟ್ಟೆ ಒಗೆಯುವ ಲಿಕ್ವಿಡ್ಡಿನ ಖಾಲಿ ಡಬ್ಬ ಬಂತು. ಗಟ್ಟಿ ಪ್ಲಾಸ್ಟಿಕ್ಕು, ತಿರುಪಿನ ಮುಚ್ಚಳ. ಐದನೇ ಕ್ಲಾಸಿನ ಮೊಮ್ಮಗಳು ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಸೂಜಿ – ಮುಟ್ಟಬೇಡಿ’ ಎಂದು ಚೀಟಿ ಬರೆದು ಅಂಟಿಸಿದಳು. ಸೂಜಿಯ ಹೊರಮುಚ್ಚಳವನ್ನು ಕೈಯಲ್ಲಿ ಹಿಡಿಯದೆ ಮೇಜಿನ ಮೇಲಿಟ್ಟು, ಸೂಜಿಯನ್ನು ಅದರೊಳಗೆ ತೂರಿಸಿ, ತಿರುಗಿಸಿ ಬಿಚ್ಚಿ ಡಬ್ಬಕ್ಕೆ ಹಾಕುತ್ತಿದ್ದೆ. ಮೊಮ್ಮಗಳು ಡಬ್ಬ ಮುಟ್ಟುವಂತಿಲ್ಲ. ಅವಳ ಕೆಲಸ ಕ್ಯಾಲೆಂಡರಿನಲ್ಲಿ ಗೀಟು ಎಳೆಯುವುದು. ತಿಂಗಳ ಕೊನೆಗೆ ಗೀಟು ಎಷ್ಟು, ಪೆಟ್ಟಿಗೆಯಲ್ಲಿ ಉಳಿದ ಹೊಸ ಸೂಜಿ ಎಷ್ಟು ಎಂದು ಇಬ್ಬರೂ ತಾಳೆ ನೋಡುತ್ತಿದ್ದೆವು. ಡಬ್ಬ ಮುಕ್ಕಾಲು ತುಂಬಿದರೆ ಟೇಪು ಸುತ್ತಿ ಡಾಕ್ಟರ ಕ್ಲಿನಿಕ್ಕಿಗೆ. ಮೊದಲೇ ಕೇಳಿದ್ದೆ, ತೆಗೆದುಕೊಳ್ಳುತ್ತೇವೆ ಎಂದಿದ್ದರು.

ಎರಡು ವರ್ಷ ತುಂಬಿ ಇಂಜೆಕ್ಷನ್ ನಿಂತಿದೆ. ಕಟ್ಟಿದ ಮೂಳೆ ಮತ್ತೆ ಕರಗದಿರಲೆಂದು ಈಗ ವಾರಕ್ಕೊಂದು ಮಾತ್ರೆ. ಇನ್ನೊಂದು ಬಿಲ್ಲೆ ಕುಸಿದಿಲ್ಲ. ಕುಗ್ಗಿದ ಎತ್ತರ ಮರಳಿ ಬರುವುದಿಲ್ಲ, ಅದಕ್ಕೇ ಹುಳಿಪುಡಿ ಡಬ್ಬಿಯನ್ನು ಕೆಳಗಿನ ಗೂಡಿಗೆ ಇಳಿಸಿದ್ದೇವೆ. ಕಸದ ಆಟೊ ಈಗಲೂ ಏಳಕ್ಕೆ ಬರುತ್ತದೆ. ಆಕೆ ಚೀಲ ಎತ್ತುವ ಮುಂಚೆ ನನ್ನ ಮುಖ ನೋಡುತ್ತಾಳೆ. “ಏನೂ ಇಲ್ಲಮ್ಮ, ಎತ್ತು” ಎನ್ನುತ್ತೇನೆ. ಆ ಮಾತು ನಿಜವಾಗಿರುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.