ಅಳತೆಯರಿತ ಸಂಗ್ರಹ

ಸಂಗ್ರಹವೆಲ್ಲವೂ ಪರಿಗ್ರಹವಲ್ಲ. ಶಾಸ್ತ್ರಭಂಡಾರವೂ ಒಂದು ಸಂಗ್ರಹವೇ. ಆದರೆ ಅಗತ್ಯದ ಅಳತೆಯನ್ನು ಮೀರಿ ಕೂಡಿಡುವ ಬಯಕೆ ಹುಟ್ಟಿದಾಗ ಅದೇ ಸಂಗ್ರಹವು ಪರಿಗ್ರಹವಾಗುತ್ತದೆ. ಶ್ರಾವಕನಿಗೆ ವಿಧಿಸಿದ ಪರಿಗ್ರಹ ಪರಿಮಾಣ ವ್ರತವು ಹೊಲ, ಮನೆ, ಚಿನ್ನ, ಧಾನ್ಯಗಳಿಗೆ ಮಾತ್ರ ಸಲ್ಲುವುದೆಂದು ತಿಳಿಯಬೇಕಾಗಿಲ್ಲ. ಇಂದಿನ ಗೃಹಸ್ಥನು ಗಣಕಯಂತ್ರದ ಬಿಡಿಭಾಗವೊಂದನ್ನು ಕೊಳ್ಳುವಾಗಲೂ ಅದು ದಾರಿ ತೋರಬಲ್ಲದು.

ಬೆಳಗಾವಿಯ ರಾಮತೀರ್ಥ ನಗರದ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಈ ಪ್ರಶ್ನೆ ಎದುರಾಯಿತು. ಹಿರಿಯರಿಂದ ಬಂದ ತಾಡಪತ್ರ ಹಾಗೂ ಕೈಬರಹದ ಕಟ್ಟುಗಳ ಛಾಯಾಚಿತ್ರಗಳು, ಬಸದಿಯ ಲೆಕ್ಕಪತ್ರಗಳು, ಪೂಜಾ ಮಹೋತ್ಸವಗಳ ವಿಡಿಯೋಗಳು ಎಲ್ಲವೂ ಅವರ ಹಳೆಯ ಗಣಕಯಂತ್ರದಲ್ಲಿದ್ದವು. ಅದರ ಹಾರ್ಡ್ ಡಿಸ್ಕ್ ತೆರೆದುಕೊಳ್ಳಲು ನಿಮಿಷಗಟ್ಟಲೆ ಕಾಯಿಸುತ್ತಿತ್ತು. ಅದರ ಬದಲು ಚಲಿಸುವ ಭಾಗಗಳಿಲ್ಲದ, ವೇಗವಾದ ಎಸ್‌ಎಸ್‌ಡಿಯನ್ನು ಹಾಕಿಸಲು ನಿಶ್ಚಯಿಸಿದರು. ಅಂಗಡಿಯವರು 4 ಟೆರಾಬೈಟಿನದನ್ನೇ ಒಯ್ಯಲು ಸಲಹೆಯಿತ್ತರು. ಮಗಳು ಮಾತ್ರ, "ಅಪ್ಪಾಜಿ, ಮೊದಲು ಇರುವುದೆಷ್ಟು ಎಂದು ಲೆಕ್ಕ ಹಾಕೋಣ್ರಿ" ಎಂದಳು.

ಲೆಕ್ಕ ಕಠಿಣವಾಗಿರಲಿಲ್ಲ. ಒಂದು ಚಿತ್ರಕ್ಕೆ 5 ಎಂಬಿಯಂತೆ 20,000 ಚಿತ್ರಗಳಿಗೆ 100 ಜಿಬಿ. ಗಂಟೆಗೆ ಸುಮಾರು 8 ಜಿಬಿಯಂತೆ 40 ಗಂಟೆಗಳ ವಿಡಿಯೋಗೆ 320 ಜಿಬಿ. ಯಂತ್ರವನ್ನು ನಡೆಸುವ ತಂತ್ರಾಂಶಗಳಿಗೆ 100 ಜಿಬಿ. ಒಟ್ಟು 520 ಜಿಬಿ. ಒಂದು ಟೆರಾಬೈಟ್ ಎಂದು ಮಾರುವ ಸಾಧನವು ಗಣಕಯಂತ್ರದಲ್ಲಿ ಸುಮಾರು 931 ಜಿಬಿ ಎಂದು ಕಾಣಿಸುತ್ತದೆ. ಇದು ಮೋಸವಲ್ಲ, ಎಣಿಕೆಯ ಎರಡು ಪದ್ಧತಿಗಳ ನಡುವಿನ ಅಂತರ. ಎಸ್‌ಎಸ್‌ಡಿ ತುಂಬಿ ತುಳುಕಿದರೆ ನಿಧಾನವಾಗುವುದರಿಂದ ಐದರಲ್ಲಿ ಒಂದು ಪಾಲನ್ನು ಖಾಲಿ ಬಿಟ್ಟರೂ ಅವರಿಗೆ 1 ಟೆರಾಬೈಟ್ ಧಾರಾಳವಾಗಿ ಸಾಕಾಗುತ್ತಿತ್ತು.

ಗಾತ್ರ ನಿಶ್ಚಯವಾದ ಮೇಲೆ ಜಾತಿಯ ವಿಚಾರ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಾಟಾ ಜೋಡಣೆಯಷ್ಟೇ ಇರುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ. ಸೆಕೆಂಡಿಗೆ 7,000 ಎಂಬಿ ಓದಬಲ್ಲ ಎನ್‌ವಿಎಂಇ ಸಾಧನವನ್ನು ತಂದರೂ ಅದನ್ನು ಕೂರಿಸುವ ಸ್ಥಳವೇ ಅಲ್ಲಿರದೆ ಹಣ ವ್ಯರ್ಥವಾದೀತು. ಇನ್ನು ಒಂದು ಕೋಶದಲ್ಲಿ 3 ಬಿಟ್ ಇಡುವುದು ಟಿಎಲ್‌ಸಿ, 4 ಬಿಟ್ ಇಡುವುದು ಕ್ಯೂಎಲ್‌ಸಿ. ಎರಡನೆಯದು ಅಗ್ಗ; ಆದರೆ ದೊಡ್ಡ ಕಡತಗಳನ್ನು ಒಂದೇ ಸಮನೆ ಬರೆಯುವಾಗ ನಿಧಾನ, ಬಾಳಿಕೆಯೂ ಕಡಿಮೆ. ಬರವಣಿಗೆಯ ಬಾಳಿಕೆ 200 ಟೆರಾಬೈಟ್ ಎಂದು ನಮೂದಾದ ಸಾಧನಕ್ಕೆ ದಿನಕ್ಕೆ 50 ಜಿಬಿ ಬರೆದರೂ ಆ ಮಿತಿ ಮುಟ್ಟಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಒಮ್ಮೆ ಬರೆದು ಪದೇ ಪದೇ ಓದುವ ಮನೆಗೆ ಅಗ್ಗದ್ದೂ ದೋಷವಲ್ಲ; ದಿನವೂ ವಿಡಿಯೋ ಸಂಪಾದಿಸುವವರಿಗೆ ಟಿಎಲ್‌ಸಿ ಲೇಸು.

ಆದರೆ ನಂಬಲಾಗದಷ್ಟು ಅಗ್ಗವಾದುದರ ಬಗ್ಗೆ ಎಚ್ಚರ ಬೇಕು. ಅತ್ಯಲ್ಪ ಬೆಲೆಗೆ 16 ಟೆರಾಬೈಟ್ ಎಂದು ಮಾರುವ ನಕಲಿ ಸಾಧನಗಳ ಒಳಗೆ ಸಣ್ಣ ಮೆಮೊರಿ ಕಾರ್ಡಿದ್ದು, ಹೊರಗೆ ಸುಳ್ಳು ಗಾತ್ರ ತೋರುವಂತೆ ಮಾಡಿರುತ್ತಾರೆ. ಸ್ಥಳ ಮುಗಿದ ಮೇಲೂ ಅದು ಬರೆಯುತ್ತಿರುವಂತೆ ನಟಿಸುತ್ತದೆ. ಕಡತಗಳು ಮಾತ್ರ ನಷ್ಟವಾಗಿರುತ್ತವೆ. ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ, ಅಂದರೆ ಸುಳ್ಳು ಅಳತೆಯನ್ನೂ ನಕಲಿ ಸರಕನ್ನೂ, ಎಣಿಸಿದೆ. ಈ ನಕಲಿ ಪೆಟ್ಟಿಗೆಯಲ್ಲಿ ಎರಡೂ ಒಟ್ಟಿಗೆ ಇವೆ. ಗೊತ್ತಿರುವ ತಯಾರಕರ ಸಾಧನ, ರಸೀದಿ, ಮೂರರಿಂದ ಐದು ವರ್ಷಗಳ ಖಾತರಿ ಇವು ಕೊಳ್ಳುವವನಿಗೆ ರಕ್ಷಣೆ. ನೇರ ವ್ಯಾಪಾರಿಗೆ ಪ್ರೋತ್ಸಾಹ.

ಶಿಕ್ಷಕರು 1 ಟೆರಾಬೈಟಿನ ಸಾಟಾ ಎಸ್‌ಎಸ್‌ಡಿಯನ್ನು ಕೊಂಡರು. ಉಳಿದ ಹಣದಲ್ಲಿ ಹೊರಗಿನಿಂದ ಜೋಡಿಸುವ ಹೊಸ ಹಾರ್ಡ್ ಡಿಸ್ಕೊಂದನ್ನು ತಂದು, ಎಲ್ಲವನ್ನೂ ಅದರಲ್ಲಿ ಮತ್ತೊಮ್ಮೆ ಪ್ರತಿ ಮಾಡಿ, ಬೇರೆ ಬಡಾವಣೆಯ ಬಂಧುಗಳ ಮನೆಯಲ್ಲಿರಿಸಿದರು. ಅವರ ಆಯ್ಕೆಯ ನಿಜವಾದ ವಿವೇಕ ಇಲ್ಲಿದೆ. ದೊಡ್ಡದಾದ ಒಂದೇ ಪೆಟ್ಟಿಗೆಗಿಂತ ಸಾಕಷ್ಟಾದ ಎರಡು ಪೆಟ್ಟಿಗೆಗಳು ಹೆಚ್ಚು ಕಾಯುತ್ತವೆ.

ಈ ಪಾಠವನ್ನು ಕನ್ನಡ ನಾಡು ಬಹು ಹಿಂದೆಯೇ ಕಲಿತಿತ್ತು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇನ್ನೊಂದೆಡೆ, ಷಟ್ಖಂಡಾಗಮದ ಧವಲಾ ಟೀಕೆಯ ಪ್ರಾಚೀನ ತಾಡಪತ್ರಗಳು ಶತಮಾನಗಳ ಕಾಲ ಮೂಡಬಿದಿರೆಯೊಂದರಲ್ಲೇ ಉಳಿದಿದ್ದವು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಅದಕ್ಕೆ ಮುನ್ನ ಆ ಭಂಡಾರಕ್ಕೆ ಬೆಂಕಿಯೋ ಗೆದ್ದಲೋ ತಗುಲಿದ್ದರೆ ಆಗಬಹುದಾಗಿದ್ದ ಹಾನಿಯನ್ನು ಊಹಿಸಲೂ ಭಯವಾಗುತ್ತದೆ.

ಎಸ್‌ಎಸ್‌ಡಿಗೆ ಗೆದ್ದಲು ಹಿಡಿಯದು. ಅದರ ಶತ್ರು ಬೇರೆ. ಅದರ ಕೋಶಗಳಲ್ಲಿರುವ ವಿದ್ಯುದಂಶ ಕಾಲಕ್ರಮದಲ್ಲಿ ಸೋರುತ್ತದೆ. ಬರವಣಿಗೆಯ ಆಯುಷ್ಯವನ್ನು ಪೂರ್ತಿ ಸವೆಸಿದ ಗೃಹೋಪಯೋಗಿ ಎಸ್‌ಎಸ್‌ಡಿಯು ವಿದ್ಯುತ್ತಿಲ್ಲದೆ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕೆಂಬುದಷ್ಟೇ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಇದಕ್ಕಿಂತ ಹೆಚ್ಚು ಕಾಲ ತಾಳುತ್ತದೆಯಾದರೂ ಬೀರುವಿನಲ್ಲಿ ಬೀಗ ಹಾಕಿಟ್ಟು ಮರೆಯುವ ವಸ್ತು ಅದಲ್ಲ. ಬಸದಿಯ ಟ್ರಸ್ಟುಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳೊರೆಸಿ, ಹೊಸ ವಸ್ತ್ರದಲ್ಲಿ ಸುತ್ತಿಡುವ ರೂಢಿಯಿದೆ. ಅದೇ ದಿನ ಎರಡೂ ಪೆಟ್ಟಿಗೆಗಳನ್ನು ಯಂತ್ರಕ್ಕೆ ಜೋಡಿಸಿ, ಕಡತಗಳು ತೆರೆಯುತ್ತವೆಯೇ ಎಂದು ನೋಡಿ, ವರ್ಷದಲ್ಲಿ ಸೇರಿದ್ದನ್ನು ಎರಡರಲ್ಲೂ ಪ್ರತಿ ಮಾಡಿಟ್ಟರೆ ಅದೂ ಶ್ರುತಸೇವೆಯೇ ಆಗುತ್ತದೆ.