ಅತಿ ದೊಡ್ಡ ಸಂಖ್ಯೆ ಸೊನ್ನೆ!

ಬ್ಲಾಗ್ ಕಡೆ ತಲೆ ಹಾಕಿ ತಿಂಗಳಾಯ್ತು. ಈ ಸಲ ಸ್ವಲ್ಪ ಸಿ ಪ್ಲಸ್ ಪ್ಲಸ್ ಕೊರೆತ. ಗಾಬರಿ ಆಗ್ಬೇಡಿ, ನಡುವೆ ಇಳಕಲ್ ಸೀರೆನೂ ಬರುತ್ತೆ :-)

64 ಬಿಟ್ ಪೂರ್ಣಾಂಕದಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆಗೆ 20 ಅಂಕಿ. ಒಂಬತ್ತನೇ ಶತಮಾನದಲ್ಲೇ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಕೊನೆಯದು ಮಹಾಕ್ಷೋಭ, ಅಂದ್ರೆ ಒಂದರ ಮುಂದೆ 23 ಸೊನ್ನೆ. ನಮ್ಮ 64 ಬಿಟ್ ಡಬ್ಬಿಗೆ ಅದು ಹಿಡಿಸೋದಿಲ್ಲ!

ಇಂಥದ್ದಕ್ಕೇ ಬಿಗ್ ಇಂಟಿಜರ್ ಬೇಕಾಗೋದು. ಸಂಖ್ಯೆಯನ್ನು ತುಂಡು ಮಾಡಿ ಸಾಲಾಗಿ ಇಟ್ಟು, ಶಾಲೆಯಲ್ಲಿ ಕಲಿತ ಹಾಗೆ ಕೈಲಿ ಉಳಿದಿದ್ದನ್ನ ಪಕ್ಕದ ಮನೆಗೆ ದಾಟಿಸ್ತಾ ಕೂಡಿಸೋದು. ಸಿ ಪ್ಲಸ್ ಪ್ಲಸ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇದಿಲ್ಲ. ರಜೆಗೆ ಊರಿಗೆ ಬಂದಾಗ ನಾನೇ ಬರೆಯೋಕೆ ಕೂತೆ.

ಲೆಕ್ಕ ಕಲಿಸೋದು ಕಷ್ಟ ಅಲ್ಲ, ಲೈಬ್ರರಿ ಜೊತೆ ಸಂಸಾರ ಮಾಡಿಸೋದು ಕಷ್ಟ. ಅಲ್ಲಿ ನ್ಯೂಮೆರಿಕ್ ಲಿಮಿಟ್ಸ್ ಅಂತ ಒಂದಿದೆ. 'ನಿನ್ನ ಅತಿ ದೊಡ್ಡ ಬೆಲೆ ಎಷ್ಟು?' ಅಂತ ಯಾವ ಟೈಪನ್ನಾದ್ರೂ ಕೇಳಬಹುದು. ಹೊಸ ಟೈಪಿಗೆ ನಾವು ಉತ್ತರ ಬರೆದಿಡದಿದ್ರೆ ಅದು ಸುಮ್ಮನೆ ಖಾಲಿ ಬೆಲೆ ಕೊಡುತ್ತೆ. ನಮ್ಮದರಲ್ಲಿ ಅದು ಸೊನ್ನೆ! ಪಟ್ಟಿಯಲ್ಲಿ ಚಿಕ್ಕದನ್ನ ಹುಡುಕೋ ಕೋಡು ಆ 'ಅತಿ ದೊಡ್ಡ' ಬೆಲೆಯಿಂದ ಶುರುವಾದ್ರೆ? ಎಲ್ಲವೂ ಧನಸಂಖ್ಯೆ ಆದ್ರೂ ಉತ್ತರ ಸೊನ್ನೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಬಾಗಲಕೋಟೆಯಿಂದ ಹುನಗುಂದ ದಾಟಿ ಇಳಕಲ್ಲಿಗೆ ಹೋಗೋ ಬಸ್ಸಿನಲ್ಲಿ ಇದೇ ಯೋಚನೆ. ನಮ್ಮೂರ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಕುಣಿಕೆ ಹಾಕಿ ಎಳೆಗೆ ಎಳೆ ಜೋಡಿಸ್ತಾರೆ, ಅದೇ ಕೊಂಡಿ. ರೇಷ್ಮೆಯನ್ನ ಹತ್ತಿ ಅಂತ ನಂಬಿಸೋ ಗೋಜಿಲ್ಲ.

ಹಾಗೇ ಮಾಡಿದೆ. ಸಾದಾ ಇಂಟ್ ತಾನಾಗೇ ಬಿಗ್ ಆಗಬಹುದು, ಬಿಗ್ ವಾಪಸ್ ಇಂಟ್ ಆಗಬೇಕಾದ್ರೆ ಬಾಯಿಬಿಟ್ಟು ಕೇಳಬೇಕು. 'ನನಗೆ ಮಿತಿ ಇಲ್ಲ' ಅಂತ ಲಿಮಿಟ್ಸ್‌ನಲ್ಲಿ ಬರೆದು, ಅತಿ ದೊಡ್ಡ ಬೆಲೆ ಕೇಳೋ ಫಂಕ್ಷನ್ನನ್ನೇ ಡಿಲೀಟ್ ಅಂತ ಗುರುತು ಹಾಕಿದೆ. ಈಗ ಯಾರಾದ್ರೂ ಕೇಳಿದ್ರೆ ಕಂಪೈಲರ್ ಅಲ್ಲೇ ತಡೆಯುತ್ತೆ. ಸ್ಟ್ಯಾಂಡರ್ಡ್‌ನ ಅಕ್ಷರ ಹಿಡಿದು ನೋಡಿದ್ರೆ ಇದು ಸರಿಯಲ್ಲ, ಆ ಫಂಕ್ಷನ್ ಏನಾದ್ರೂ ಉತ್ತರ ಕೊಡಲೇಬೇಕು. ಆದ್ರೆ ಹೊಂದಾಣಿಕೆ ಹೆಸರಲ್ಲಿ ಸುಳ್ಳು ಹೇಳೋದಕ್ಕಿಂತ 'ಗೊತ್ತಿಲ್ಲ' ಅಂತ ನಿಲ್ಲೋದು ವಾಸಿ ಅನ್ನಿಸ್ತು.

ಕೋಡು ಬರೆಯೋ ಗೆಳೆಯರೇ, ನೀವಾಗಿದ್ರೆ ಏನು ಮಾಡ್ತಿದ್ರಿ? ಕಾಮೆಂಟ್ ಹಾಕಿ, ಜಗಳ ಆಡೋಣ.