ಚುಚ್ಚೋ ಉಣ್ಣೆಯಲ್ಲಿ ಏನು ಹೆಣೆಯೋದು?

ನಗ್ಗರ್‌ನಲ್ಲಿ ಬಸ್ಸಿಗೆ ಕಾಯುವ ಹೆಂಗಸರ ಕೈ ಸುಮ್ಮನೆ ಇರೋದೇ ಇಲ್ಲ. ಮಾತು ಒಂದು ಕಡೆ, ಕಣ್ಣು ರಸ್ತೆ ಕಡೆ, ಕಡ್ಡಿ ಮಾತ್ರ ತನ್ನ ಪಾಡಿಗೆ ಟಿಕ್ ಟಿಕ್ ಅಂತ ಓಡ್ತಾ ಇರುತ್ತೆ. ಬಸ್ಸು ಬಂದರೆ ಉಂಡೆ, ಕಡ್ಡಿ ಎಲ್ಲ ಕಂಕುಳಿಗೆ. ಸೀಟು ಸಿಕ್ಕ ಕೂಡಲೇ ಮತ್ತೆ ಶುರು. ನಾವು ಮೊಬೈಲ್ ತೆಗೆಯೋ ಹಾಗೆ.

ಒಂದು ತಿಂಗಳು ವರ್ಕ್ ಫ್ರಮ್ ಹೋಮ್ ಸಿಕ್ಕಿತ್ತು. ಮನಾಲಿಯ ಗದ್ದಲ ಬೇಡ ಅಂತ ಅಲ್ಲಿಂದ ಸುಮಾರು 20 ಕಿಲೋಮೀಟರ್ ಕೆಳಗೆ, ಬಿಯಾಸ್ ನದಿಯ ಎಡದಂಡೆಯಲ್ಲಿರುವ ನಗ್ಗರ್‌ನಲ್ಲಿ ರೂಮ್ ಹಿಡಿದೆ. ಒಂದು ಕಾಲಕ್ಕೆ ಕುಲು ರಾಜರ ರಾಜಧಾನಿ ಇದು. ಕಲ್ಲು ಒಂದು ಸಾಲು, ದೇವದಾರು ತೊಲೆ ಒಂದು ಸಾಲು ಜೋಡಿಸಿ ಕಟ್ಟಿದ ಹಳೇ ಅರಮನೆ ಇದೆ. ಇನ್ನೂ ಮೇಲೆ ಹತ್ತಿದರೆ ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಚ್ ಅವರ ಮನೆ. ಅವರ ಮಗ ಸ್ವೆತೋಸ್ಲಾವ್ ಮತ್ತು ನಟಿ ದೇವಿಕಾರಾಣಿ ಆಮೇಲೆ ನಮ್ಮ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದ್ದು ಬೆಂಗಳೂರಿನವರಿಗೆ ಗೊತ್ತೇ ಇದೆ. ಈ ಸೇಬಿನ ತೋಟ, ಹಿಮದ ಬೆಟ್ಟ ಬಿಟ್ಟು ಕನಕಪುರ ರಸ್ತೆಗೆ ಯಾಕಪ್ಪ ಬಂದ್ರು ಅಂತ ನಾನಂತೂ ತುಂಬಾ ಹೊತ್ತು ಯೋಚನೆ ಮಾಡಿದೆ.

ಇರಲಿ, ವಿಷಯ ಉಣ್ಣೆಯದ್ದು.

ಅಪ್ಪ ಹೋಗಿ ಎರಡು ವರ್ಷ. ಅವತ್ತಿನಿಂದ ಅಮ್ಮ ಹೆಣಿಗೆ ಕಡ್ಡಿ ಮುಟ್ಟಿಲ್ಲ. ಅದಕ್ಕೆ ಮುಂಚೆ ಪ್ರತಿ ಮಳೆಗಾಲ ಮುಗಿಯೋ ಹೊತ್ತಿಗೆ ನಮ್ಮನೆಯಲ್ಲಿ ಯಾರದಾದ್ರೂ ಒಂದು ಸ್ವೆಟರ್ ರೆಡಿ ಆಗ್ತಿತ್ತು. ಅಪ್ಪನಿಗೆ ಶುರು ಮಾಡಿದ್ದ ಬೂದು ಬಣ್ಣದ ಸ್ವೆಟರ್ ಹತ್ತನೇ ನಂಬರ್ ಕಡ್ಡಿಯ ಮೇಲೆ ಹಾಗೇ ಇದೆ, ಬೀರುವಿನ ಕೆಳಗಿನ ಖಾನೆಯಲ್ಲಿ. ಒಂದು ತೋಳು ಮುಗಿದಿಲ್ಲ. ಅದನ್ನ ಬಿಚ್ಚೋಣ ಅಂತ ನಾವ್ಯಾರೂ ಹೇಳಿಲ್ಲ, ಮುಗಿಸು ಅಂತಲೂ ಹೇಳಿಲ್ಲ. ಒಳ್ಳೆ ಉಣ್ಣೆ ಕಂಡರೆ ಅಮ್ಮನ ಕೈ ತಾನಾಗೇ ಕಡ್ಡಿ ಹುಡುಕುತ್ತೆ ಅನ್ನೋದು ನನ್ನ ಲೆಕ್ಕ.

ನಗ್ಗರ್‌ನ ಹತ್ತಿರದ ಹಳ್ಳಿಯಲ್ಲಿ ಮನೆಯಲ್ಲೇ ನೂತು, ಗಿಡಮೂಲಿಕೆಯ ಬಣ್ಣ ಹಾಕಿ ಕೊಡುವ ಹೆಂಗಸೊಬ್ಬರು ಸಿಕ್ಕಿದರು. ಕೆಂಪು ಬೇಕು ಅಂತ ಕೇಳಿಕೊಂಡಿದ್ದೆ. ಒಂದು ವಾರ ಬಿಟ್ಟು ನಾಲ್ಕು ಲಡಿ ಕೈಗೆ ಬಂತು, ಒಂದೊಂದೂ ಸುಮಾರು 100 ಗ್ರಾಂ. ಕೆಂಪು ಅಲ್ಲ. ಇಟ್ಟಿಗೆ ಬಣ್ಣವೂ ಅಲ್ಲ. ಮಳೆಗೆ ನೆನೆದ ಹೆಂಚಿನ ಹಾಗೆ ಒಂದು ಕಡೆ ಕಂದು, ಇನ್ನೊಂದು ಕಡೆ ಮಾಸಲು ಕಿತ್ತಳೆ, ನಡುನಡುವೆ ಬಿಳಿ ಮಚ್ಚೆ. ಕುತ್ತಿಗೆಗೆ ಸುತ್ತಿ ನೋಡಿದೆ. ಎರಡು ನಿಮಿಷಕ್ಕೇ ಕೆರೆತ ಶುರು!

ಬಣ್ಣ ಹೀಗೆ ಯಾಕಾಯ್ತು ಅಂತ ಅವರೇ ಹೇಳಿದರು, ಮುಚ್ಚುಮರೆ ಇಲ್ಲದೆ. ಕೆಂಪು ಬರೋದು ಮಂಜಿಷ್ಠದ ಬೇರಿನಿಂದ. ಮೊದಲು ಉಣ್ಣೆಯನ್ನ ಪಟಿಕದ ನೀರಿನಲ್ಲಿ ನೆನೆಸಬೇಕು, ಆಮೇಲೆ ಬೇರಿನ ರಸದಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ನೀರು ಕುದಿ ಬಂತೋ, ಕೆಂಪು ಹೋಗಿ ಕಂದು ಬಣ್ಣ ಮೇಲೆ ಬರುತ್ತೆ. ಆವತ್ತು ಸೌದೆ ಒಲೆ, ಮನೆ ತುಂಬಾ ನೆಂಟರು, ಹಂಡೆ ಕುದಿದು ಹೋಗಿತ್ತು. ಬಿಳಿ ಮಚ್ಚೆಗಳು ಲಡಿಗೆ ದಾರ ಬಿಗಿದಿದ್ದ ಜಾಗ, ಅಲ್ಲಿಗೆ ಬಣ್ಣವೇ ಇಳಿದಿಲ್ಲ. ಕುರಿಯ ಮೈಜಿಡ್ಡು ಪೂರ್ತಿ ತೊಳೆದು ಹೋಗದಿದ್ದರೂ ಹೀಗೆ ತೇಪೆ ತೇಪೆ ಆಗುತ್ತಂತೆ. ದುಡ್ಡು ವಾಪಸ್ ಕೊಡ್ತೀನಿ ಅಂದರು. ಆ ಜಿಡ್ಡಿನ ಕೈ, ಬೇರು ಜಜ್ಜಿ ಕೆಂಪಾಗಿದ್ದ ಉಗುರು ನೋಡಿ ಬೇಡ ಅಂದೆ.

ಚುಚ್ಚೋದಕ್ಕೆ ಮಾತ್ರ ಅವರು ಕಾರಣ ಅಲ್ಲ. ಉಣ್ಣೆಯ ಎಳೆ ಎಷ್ಟು ದಪ್ಪ ಅನ್ನೋದರ ಮೇಲೆ ಅದು ನಿಂತಿದೆ. ಮೆರಿನೋ ಎಳೆ ಸಾಮಾನ್ಯವಾಗಿ 24 ಮೈಕ್ರಾನ್ ಒಳಗೇ ಇರುತ್ತೆ. ತುದಿ ಚರ್ಮಕ್ಕೆ ತಾಗಿದರೆ ಬಾಗುತ್ತೆ. 30 ಮೈಕ್ರಾನ್ ದಾಟಿತು ಅಂದರೆ ಬಾಗಲ್ಲ, ಸಣ್ಣ ಮುಳ್ಳಿನ ಹಾಗೆ ಒತ್ತುತ್ತೆ. ಬೆಟ್ಟ ಹತ್ತಿ ಇಳಿಯೋ ನಾಟಿ ಕುರಿಯ ಉಣ್ಣೆಯಲ್ಲಿ ಇಂಥ ದಪ್ಪ ಎಳೆಗಳು ಬೇಕಾದಷ್ಟು. ಕಂಡೀಷನರ್ ಹಾಕಿ ನೆನೆಸಿ, ವಿನೆಗರ್ ಹಾಕಿ ಅಂತ ಹೇಳೋರು ಇದ್ದಾರೆ. ನಾನೂ ಒಂದು ಲಡಿಯನ್ನ ಬಕೆಟ್‌ನಲ್ಲಿ ಅದ್ದಿಟ್ಟೆ. ಸ್ವಲ್ಪ ಮೆತ್ತಗಾಯ್ತು, ಒಳ್ಳೆ ವಾಸನೆಯೂ ಬಂತು. ಆದರೆ ಎಳೆಯ ದಪ್ಪ ಶಾಂಪೂವಿನಿಂದ ಕಮ್ಮಿ ಆಗುತ್ತಾ? ಒಣಗಿದ ಮೇಲೆ ಮತ್ತೆ ಅದೇ ಕಥೆ.

ನಾನಿದ್ದ ಮನೆಯ ದೀದಿ ಲಡಿಯನ್ನ ಹಿಂಡಿ, ಎಳೆದು, ಮೂಸಿ ನೋಡಿ, "ಗಟ್ಟಿ ಉಣ್ಣೆ. ಇದು ಕುತ್ತಿಗೆಗಲ್ಲ, ಕಾಲಿಗೆ" ಅಂದರು. ಇಲ್ಲಿನವರಿಗೆ ಇದು ತಲೆ ಕೆಡಿಸಿಕೊಳ್ಳೋ ವಿಷಯವೇ ಅಲ್ಲ. ಹೆಂಗಸರು ಸುತ್ತಿಕೊಳ್ಳೋ ದಪ್ಪ ಪಟ್ಟು ಬರೋದು ಬಟ್ಟೆಯ ಮೇಲೆ. ಮೈಗೆ ತಾಗೋದು ಕಮ್ಮಿ. ಅಟಲ್ ಸುರಂಗ ದಾಟಿದರೆ ಸಿಗುವ ಲಾಹೌಲ್‌ನ ಹೆಣಿಗೆ ಕಾಲುಚೀಲ, ಕೈಗವಸುಗಳಿಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ನಮ್ಮಂಥ ಟೂರಿಸ್ಟ್‌ಗಳು ಅಂಗಡಿಯಲ್ಲಿ ಕೆನ್ನೆಗೆ ಒತ್ತಿ ನೋಡಿ ಕೊಳ್ಳೋ ಶಾಲು ಬಹಳಷ್ಟು ಸಲ ಮೆರಿನೋ ನೂಲಿನದ್ದು. ನಾಟಿ ಉಣ್ಣೆಯನ್ನ ಕೆನ್ನೆಗೆ ಒತ್ತಿ ಪರೀಕ್ಷೆ ಮಾಡೋದೇ ಅನ್ಯಾಯ ಅಂತ ನನಗೆ ಈಗ ಅನ್ನಿಸುತ್ತೆ.

ಆ ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ.

"ಇದೇನೇ, ತೆಂಗಿನ ನಾರಿದ್ದ ಹಾಗಿದೆ?"

"ಉಣ್ಣೆ ಕಣಮ್ಮ. ಏನು ಹೆಣೀಬಹುದು ಹೇಳು."

"ಸ್ವೆಟರ್ ಆಗಲ್ಲ. ಮಫ್ಲರೂ ಆಗಲ್ಲ, ಯಾರಿಗೆ ಶಿಕ್ಷೆ ಕೊಡ್ತೀಯಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಯಾಮೆರಾ ಹತ್ರ ತಾ. ಎಷ್ಟು ಎಳೆ ಹುರಿ ಮಾಡಿದಾರೆ ನೋಡೋಣ."

ಎರಡು ವರ್ಷದಲ್ಲಿ ಅಮ್ಮ ಉಣ್ಣೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಅಮ್ಮನ ತವರು ಚಳ್ಳಕೆರೆ ಕಡೆ. ಅಲ್ಲಿ ಕುರುಬರ ಕರಿ ಕಂಬಳಿ ಹೊದ್ದೇ ಬೆಳೆದವಳು. ದಖ್ಖನಿ ಕುರಿಯ ಉಣ್ಣೆ ಇದಕ್ಕಿಂತ ಒರಟು. ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟು ಇನ್ನಷ್ಟು ಬಿಗಿ ಮಾಡ್ತಾರೆ. ಮಳೆ ಬಂದರೆ ಗೊಪ್ಪೆ ಹಾಕ್ಕೊಂಡು ಹೊಲಕ್ಕೆ ಹೋಗೋದು ಅದನ್ನೇ, ರಾತ್ರಿ ಹಾಸೋದೂ ಅದನ್ನೇ, ದೇವರ ಗದ್ದುಗೆಗೆ ಮಡಿಸಿ ಹಾಕೋದೂ ಅದನ್ನೇ. ಚುಚ್ಚುತ್ತೆ ಅಂತ ಯಾರೂ ದೂರಿದ್ದು ಅಮ್ಮನಿಗೆ ನೆನಪಿಲ್ಲ. "ಒಳಗೊಂದು ಹಳೇ ಸೀರೆ ಹಾಸ್ಕೊಳ್ತಿದ್ವಿ" ಅಂದಳು, ಅಷ್ಟೇ.

ಆಮೇಲಿನ ಮೂರು ದಿನ ಇದೇ ಚರ್ಚೆ. ಆಫೀಸ್ ಮೀಟಿಂಗ್ ನಡುವೆಯೂ ಅಮ್ಮನ ವಾಯ್ಸ್ ಮೆಸೇಜ್. ಕಾಲುಚೀಲ? ಬೆಂಗಳೂರಲ್ಲಿ ಅಷ್ಟು ದಪ್ಪದ್ದು ಹಾಕೋರು ಯಾರು. ಚೀಲ? ಸಡಿಲವಾಗಿ ದೊಡ್ಡದಾಗಿ ಹೆಣೆದು, ಬಿಸಿನೀರು ಸೋಪು ಹಾಕಿ ಚೆನ್ನಾಗಿ ತಿಕ್ಕಿದರೆ ಉಣ್ಣೆ ಕುಗ್ಗಿ ಬಟ್ಟೆಯ ಹಾಗೆ ಗಟ್ಟಿಯಾಗುತ್ತೆ, ಚೀಲಕ್ಕೆ, ಮನೆಯೊಳಗಿನ ಚಪ್ಪಲಿಗೆ ಅದು ಚೆನ್ನ. ಆದರೆ ಅಷ್ಟು ತಿಕ್ಕೋಕೆ ತನ್ನ ಮಣಿಕಟ್ಟು ಬರಲ್ಲ ಅಂತ ಅಮ್ಮ. ಬಿಸಿ ಪಾತ್ರೆ ಹಿಡಿಯೋ ಬಟ್ಟೆ? ಉಣ್ಣೆಗೆ ಬೇಗ ಬೆಂಕಿ ಹತ್ತಲ್ಲ, ನಿಜ. ಆದರೆ 400 ಗ್ರಾಂನಲ್ಲಿ ಎಷ್ಟು ಅಂತ ಮಾಡೋದು? ಮತ್ತೆ ಬಣ್ಣ ಹಾಕಿಸೋದು ನನ್ನ ಐಡಿಯಾ: ಅಖರೋಟಿನ ಹಸಿರು ಸಿಪ್ಪೆಯಲ್ಲಿ ಅದ್ದಿದರೆ ಪಟಿಕವೂ ಬೇಡ, ಮಚ್ಚೆ ಎಲ್ಲ ಕಂದು ಬಣ್ಣದಲ್ಲಿ ಮುಳುಗಿ ಹೋಗುತ್ತೆ.

"ಬೇಡ, ಹಾಗೇ ಇರ್ಲಿ" ಅಂದಳು ಅಮ್ಮ. "ಕೂರೋ ಆಸನ ಮಾಡ್ತೀನಿ. ಚೌಕ ಚೌಕ ಹೆಣೆದು ಆಮೇಲೆ ಸೇರಿಸ್ತೀನಿ. ಎರಡು ಸಾಲು ಒಂದು ಲಡಿ, ಎರಡು ಸಾಲು ಇನ್ನೊಂದು ಲಡಿ. ಆಗ ತೇಪೆ ಗೊತ್ತಾಗಲ್ಲ, ಬೇಕಂತಲೇ ಹಾಕಿದ ಪಟ್ಟೆ ಹಾಗೆ ಕಾಣುತ್ತೆ." ಎಲ್ಲ ಸಾಲೂ ಸೀದಾ ಹೆಣಿಗೆ, ಡಿಸೈನ್ ಗೋಜೇ ಇಲ್ಲ. ನಮ್ಮನೆಯ ಗ್ರಾನೈಟ್ ನೆಲಕ್ಕೆ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಕೂತು ನೋಡಿ, ಆಗ ಗೊತ್ತಾಗುತ್ತೆ ಆಸನದ ಬೆಲೆ.

ಕಡ್ಡಿ? ಅಂತ ಕೇಳೋಕೆ ನನಗೆ ಧೈರ್ಯ ಸಾಲಲಿಲ್ಲ. ಅವಳೇ ಹೇಳಿದಳು.

"ಹತ್ತನೇ ನಂಬರ್ ಇದಕ್ಕೆ ತೀರಾ ಸಣ್ಣ ಆಗುತ್ತೆ. ಅದು ಅಲ್ಲೇ ಇರ್ಲಿ. ಆರನೇದು ತರಿಸ್ಕೋತೀನಿ."

ಉಣ್ಣೆಯನ್ನ ಕೊರಿಯರ್‌ನಲ್ಲಿ ಕಳಿಸಿದೆ. ವಾರದ ಮೇಲೆ ಒಂದು ಫೋಟೋ ಬಂತು: ಡೈನಿಂಗ್ ಟೇಬಲ್ ಮೇಲೆ ಅಂಗೈಯಷ್ಟು ಒಂದು ಚೌಕ, ಅಂಚು ಸ್ವಲ್ಪ ಸೊಟ್ಟ, ಪಕ್ಕದಲ್ಲಿ ಕನ್ನಡಕ. ಕೆಳಗೆ ಮೆಸೇಜ್: "ಆ ಹೆಂಗಸಿನ ಹತ್ರ ಕಪ್ಪು ಉಣ್ಣೆ ಇದ್ರೆ ಕೇಳು. ಬಣ್ಣ ಹಾಕದ್ದು. ಅರ್ಧ ಕೆಜಿ ಸಾಕು."